ನಲವತ್ತಕ್ಕೆ ಮೂವತ್ತೊಂಬತ್ತು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೂಕ ಮಾಡುವ ಗುಡದಪ್ಪನಿಗೆ ಹಗಲೆಲ್ಲ ಕೂಗುವುದೇ ಕೆಲಸ. ಸಂಜೆ ಬೀಗ ತೆಗೆದು ಮನೆಯೊಳಗೆ ಕಾಲಿಟ್ಟರೆ ಬಾಯಿಗೆ ಕೆಲಸವೇ ಇಲ್ಲ. ವಯಸ್ಸು ಐವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ಒಮ್ಮೊಮ್ಮೆ ಸ್ಟೋವಿಗೇ "ಊಟಾ ಆತೇನು?" ಎಂದು ಕೇಳಿ, ತಾನೇ ನಾಚಿಕೊಳ್ಳುತ್ತಿದ್ದ.

ಇಡೀ ಓಣಿ ಟಿ.ವಿ. ಇದ್ದ ಒಂದೇ ಮನೆಯಲ್ಲಿ ಸೇರುತ್ತಿದ್ದ ಆ ಕಾಲದ ಒಂದು ರವಿವಾರ, ಧಾರವಾಡದಿಂದ ಒಬ್ಬ ಅಕ್ಕಾವರು ಬಂದರು. ಜನರ ಒಡನಾಟ ಅಳೆಯುವ ಅಧ್ಯಯನವಂತೆ. ಹತ್ತು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಅಂಕ. ಅಂಕ ನೋಡಿ ಓಣಿಗೆ ಒಬ್ಬರನ್ನು ಆರಿಸಿ, ರವಿವಾರಕ್ಕೊಮ್ಮೆ ಅವರ ಮನೆಗೆ ಬಂದು ಒಂದು ತಾಸು ಮಾತಾಡುತ್ತಾರಂತೆ. ಎಂಥವರನ್ನು ಆರಿಸುತ್ತೀರಿ ಎಂದು ಕೇಳಿದರೆ, ಮೊದಲೇ ಹೇಳಿದರೆ ಉತ್ತರ ಕೆಡುತ್ತವೆ ಎಂದು ನಕ್ಕುಬಿಟ್ಟರು.

ವಾರಕ್ಕೊಂದು ತಾಸು ತನ್ನ ಮನೆಯಲ್ಲಿ ಇನ್ನೊಬ್ಬರ ದನಿ! ಗುಡದಪ್ಪ ಪಕ್ಕದ ಮನೆಯ ನೀಲಗಂಗವ್ವನ ಬಳಿ ಓಡಿದ. ಹನ್ನೊಂದು ಮಂದಿ ತುಂಬಿದ ಮನೆ ಆಕೆಯದು. ಮಂದಿಯ ವಿಷಯ ಆಕೆಗಲ್ಲದೆ ಯಾರಿಗೆ ಗೊತ್ತಿರಬೇಕು?

"ಟೆಂಡರ್‌ನ್ಯಾಗ ಮಾಲು ಯಾರಿಗೆ ಹೋಗತೈತಿ, ಗುಡದಪ್ಪಣ್ಣ? ಹೆಚ್ಚಿಗಿ ದರ ಬರದವ್ರಿಗೆ. ಇದೂ ಹಂಗ. ನೀ ಅಂಕ ಏರಸು, ಮಂದೀನ ನಾ ಕಳಸ್ತೇನಿ," ಎಂದಳು ನೀಲಗಂಗವ್ವ.

ಮಧ್ಯಾಹ್ನ ಅಕ್ಕಾವರು ಬಂದಾಗ ಮನೆ ಸಂತೆಯಾಗಿತ್ತು. ಎದುರುಮನೆಯ ಫಕ್ರುದ್ದೀನ ಚಹಾದ ಕಿಟ್ಲಿ ಸಮೇತ ಬಂದಿದ್ದ. ದಿನಾ ಇಲ್ಲಿಗೆ ಬರುತ್ತೇನೆಂದು ಆಣೆ ಮಾಡಿದ ಕೊನೆಮನೆಯ ಅಜ್ಜಪ್ಪ, ಮರುಗಳಿಗೆಗೆ ನೀರಿನ ಕೊಡ ಎಲ್ಲಿದೆ ಎಂದು ವಿಚಾರಿಸಿದ. ಎಲ್ಲರೂ ಇಲ್ಲೇ ಉಣ್ಣುತ್ತೇವೆ ಎಂದಾಗ ಅಕ್ಕಾವರು ಕಪಾಟಿನ ಒಂದೇ ತಟ್ಟೆಯನ್ನು ನೋಡಿದರು.

"ಪಾಳಿ ಮ್ಯಾಲೆ ಉಣ್ಣತೇವ್ರಿ," ಎಂದ ಫಕ್ರುದ್ದೀನ.

ಜ್ವರ ಬಂದರೆ ನೀರು ಕೊಡುವವರು ಯಾರೆಂದಾಗ ಎಲ್ಲರ ಕೈ ಮೇಲೆದ್ದವು. ಹೋದ ಮಳೆಗಾಲದಲ್ಲಿ ಗುಡದಪ್ಪ ಜ್ವರದಿಂದ ಮಲಗಿದಾಗ ಒಬ್ಬರೂ ಬಾಗಿಲು ತಟ್ಟಿರಲಿಲ್ಲ. ಆದರೂ ಅಷ್ಟು ಕೈ ಕಂಡು ಅವನ ಕಣ್ಣು ತುಂಬಿ ಬಂತು. ದುಃಖವಾದರೆ ಯಾರಿಗೆ ಹೇಳುತ್ತೀರಿ ಎಂಬ ಪ್ರಶ್ನೆಗೆ ಮಾತ್ರ ಅವನ ದೃಷ್ಟಿ ಸ್ಟೋವಿನ ಕಡೆ ಹೋಯಿತು. ಅಲ್ಲಿ ಒಂದು ಅಂಕ ಹೋಗಿ ಮೂವತ್ತೊಂಬತ್ತು ಬಂತು.

ಅಕ್ಕಾವರು ಉಳಿದ ಮನೆಗಳನ್ನೂ ಮುಗಿಸಿ ಸಂಜೆ ಕಟ್ಟೆಯ ಮೇಲೆ ಕೂತು ಅಂಕ ಕೂಡಿಸಿದರು. ಹೊಸ ಅಂಗಿ ತೊಟ್ಟು ಕಾದಿದ್ದ ಗುಡದಪ್ಪನಿಗೆ ಕೈ ಮುಗಿದರು.

"ಎಲ್ಲಾರಿಗಿಂತ ಕಡಿಮಿ ಬಂದವ್ರ ಕೂಡ ನಾ ಕೂತು ಮಾತಾಡೋದ್ರಿ, ಕಾಕಾ. ಅವ್ರ ಅಂಕ ಏರಿತಂದ್ರ ನನ್ನ ಕೆಲಸ ಮುಗೀತು. ನಿಮಗ ಇಷ್ಟ ಮಂದಿ ಅದಾರ, ನಾ ಯಾಕ ಬೇಕು?"

ಎಲ್ಲರಿಗಿಂತ ಕಡಿಮೆ ಬಂದದ್ದು ನೀಲಗಂಗವ್ವನಿಗೆ.

ಕಿಟ್ಲಿ ಮನೆಗೆ ಹೋಯಿತು, ಮಂದಿಯೂ ಹೋದರು. ಗುಡದಪ್ಪ ಹಿತ್ತಲ ಗೋಡೆಯ ಬಳಿ ನಿಂತು ಇದು ಹೇಗಾಯಿತೆಂದು ನೀಲಗಂಗವ್ವನನ್ನು ಕೇಳಿದ. ಆಕೆ ಪಾತ್ರೆ ತಿಕ್ಕುತ್ತಲೇ ಹೇಳಿದಳು:

"ಮನೀ ತುಂಬ ಮಂದಿ ಅದಾರಣ್ಣ. ಉಂಡಿಯೇನು ಅಂತ ಕೇಳಾವ್ರು ಒಬ್ರೂ ಇಲ್ಲ. ಆಕಿ ಕೇಳಿದ್ಲು, ಖರೇ ಹೇಳಿಬಿಟ್ಟೆ."

ಉಂಡಿಯೇನವ್ವಾ ಎಂಬ ಮಾತು ಗುಡದಪ್ಪನ ತುಟಿಯವರೆಗೆ ಬಂತು. ಅಷ್ಟರಲ್ಲಿ, ತಾನು ಕೇಳಿದರೆ ಆಕೆಯ ಅಂಕ ಏರೀತು, ಅಂಕ ಏರಿದರೆ ಅಕ್ಕಾವರು ಆಕೆಯ ಬಳಿ ಬರುವುದು ನಿಂತೀತು ಎಂದು ಹೊಳೆಯಿತು.

ಮಾತು ನುಂಗಿಕೊಂಡು ಒಳಗೆ ಬಂದ. ಸ್ಟೋವು ಹಚ್ಚಿ, ಆ ಮಾತನ್ನು ಅದಕ್ಕೇ ಕೇಳಿದ.