ದಿವಾಳಿಯಾಗಲು ಹೊರಟ ಪೈಲಟ್

ಸಾಲಗಾರರಿಗೆ ಸಲಹೆ ಕೊಡುವ ಕೆಲಸ ಅಂದರೆ ದಿನವಿಡೀ ಅಳು ಕೇಳುವುದು ಅಂತ ಜನ ತಿಳಿದಿದ್ದಾರೆ. ಕೀವಿಗಳ ದೇಶದ ಮನುಕಾವ್‌ನ ನಮ್ಮ ಆಫೀಸಿನ ಮೇಜಿನ ಮೇಲೆ ಟಿಶ್ಯೂ ಡಬ್ಬಿ ಇರುತ್ತಿದ್ದದ್ದು ನಿಜ. ಆದರೆ ಅದನ್ನು ಹೆಚ್ಚು ಖರ್ಚು ಮಾಡಿದವಳು ನಾನೇ, ನಕ್ಕು ನಕ್ಕು ಕಣ್ಣೊರೆಸಿಕೊಂಡು. ಅದರಲ್ಲೂ ನಮ್ಮ ಕಡೆಯವರು ಬಂದರೆ ಕೇಳುವುದೇ ಬೇಡ. ನಾನು ರಾಣೆಬೆನ್ನೂರಿನವಳು, ಕಾಮರ್ಸ್ ಓದಿದವಳು, ಬ್ಯಾಂಕ್ ಮ್ಯಾನೇಜರುಗಳ ಜೊತೆ ಜಗಳವಾಡಿ ಗೆದ್ದವಳು. ಅಂಥ ನನ್ನನ್ನೂ ಸುಸ್ತು ಹೊಡೆಸಿದ್ದು ಒಂದೇ ಒಂದು ಕುಟುಂಬ. ಈ ಶತಮಾನದ ಮೊದಲ ದಶಕದಲ್ಲಿ ನಡೆದ ಕಥೆ ಇದು.

೧. ಆಸೆಪಟ್ಟು ದಿವಾಳಿ

ಒಂದು ಬೆಳಿಗ್ಗೆ ಇಪ್ಪತ್ತೈದು ದಾಟಿದ ಹುಡುಗನೊಬ್ಬ ಬಂದು ಕೂತ. "ಆಂಟಿ, ನಂಗೆ ಬ್ಯಾಂಕ್ರಪ್ಟ್ ಆಗ್ಬೇಕು" ಅಂದ, ಬಿಸಿ ಪೈ ಒಂದು ಕೊಡಿ ಅನ್ನುವ ಧಾಟಿಯಲ್ಲಿ.

ದಾವಣಗೆರೆಯಿಂದ ಬಂದು ನ್ಯೂ ಲಿನ್‌ನಲ್ಲಿ ಡೈರಿ ಇಟ್ಟಿದ್ದವರ ಒಬ್ಬನೇ ಮಗ. ಇಲ್ಲಿ ಡೈರಿ ಅಂದರೆ ಹಾಲು, ಬ್ರೆಡ್ಡು, ಪೇಪರು ಮಾರುವ ಬೀದಿ ಮೂಲೆಯ ಅಂಗಡಿ. ಹುಡುಗ ಸರ್ಕಾರದ ಸ್ಟೂಡೆಂಟ್ ಲೋನ್ ತೆಗೆದು ವಿಮಾನ ಹಾರಿಸಲು ಕಲಿತಿದ್ದ. ಲೈಸೆನ್ಸ್ ಬಂತು, ಕೆಲಸ ಬರಲಿಲ್ಲ. ಈಗ ಯೂಟ್ ಅನ್ನುವ, ಹಿಂದೆ ತೆರೆದ ಸಾಮಾನಿನ ಗಾಡಿ ಓಡಿಸಿ ಪಾರ್ಸೆಲ್ ಹಂಚುತ್ತಿದ್ದ. ವಿಮಾನದ ಸಾಲ, ಯೂಟ್‌ನ ಸಂಬಳ.

"ದಿವಾಳಿ ಆಗು ಅಂತ ಯಾರಪ್ಪಾ ಹೇಳಿದ್ದು?"

"ನನ್ ಫ್ಲಾಟ್‌ಮೇಟ್. ಲೋನ್ ಫುಲ್ ಕ್ಲಿಯರ್ ಆಗುತ್ತಂತೆ."

ಆಗಿನ ಕಾನೂನಿನಲ್ಲಿ ಆ ದಾರಿ ಇದ್ದದ್ದು ಹೌದು. ಆದರೆ ಪುಕ್ಕಟೆ ದಾರಿಯಲ್ಲ. ಮೂರು ವರ್ಷ ಸರ್ಕಾರಿ ಅಧಿಕಾರಿಯ ಅಂಕೆಯಲ್ಲಿರಬೇಕು. ಬೆಲೆಬಾಳುವ ಆಸ್ತಿ ಇದ್ದರೆ ಅದು ಅವರ ವಶ. ಹೆಸರು ಪೇಪರಿನಲ್ಲಿ ಬರುತ್ತದೆ. ಅವರ ಒಪ್ಪಿಗೆ ಇಲ್ಲದೆ ದೇಶದ ಗಡಿ ದಾಟುವಂತಿಲ್ಲ. ಎಲ್ಲವನ್ನೂ ಬಿಡಿಸಿ ಹೇಳಿ, ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಕಟ್ಟಿಕೊಂಡು ಹೋಗು ಅಂತ ಬುದ್ಧಿ ಹೇಳಿದೆ. ಅವನು ಬೇಡವೆಂದು ತಲೆ ಅಲ್ಲಾಡಿಸಿದ.

"ಅಲ್ಲಪ್ಪಾ, ಪೈಲಟ್ ಆದವನು ಮೂರು ವರ್ಷ ದೇಶ ಬಿಟ್ಟು ಹೋಗದೆ ಹೇಗಿರ್ತೀಯಾ?"

"ಆಂಟಿ, ಲೈಸೆನ್ಸ್ ಬಂದ್ಮೇಲೆ ನಾನು ಇಲ್ಲೇ ಪಕ್ಕದ ಹ್ಯಾಮಿಲ್ಟನ್ನೇ ದಾಟಿಲ್ಲ."

೨. ತಾಯಿಯ ಸಾಕ್ಷಿ

ಅರ್ಜಿ ಹಾಕಿದ ಮೇಲೆ ಅಧಿಕಾರಿಯ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ಆಕೆ ಎತ್ತರದ ಕೀವಿ ಹೆಂಗಸು, ಬೂದು ಕಾರ್ಡಿಗನ್, ನಗು ಕಡಿಮೆ. ನಾನು ಜೊತೆಗೆ ಹೋದೆ. ಮಗನನ್ನು ಒಬ್ಬನೇ ಕಳಿಸಲು ಮನಸ್ಸಾಗದೆ ಹುಡುಗನ ತಾಯಿಯೂ ಬಂದರು.

"ನಿನ್ನ ಹೆಸರಲ್ಲಿ ಮನೆ ಇದೆಯೇ?" ಅಧಿಕಾರಿ ಕೇಳಿದರು.

"ಇಲ್ಲ."

"ಉಳಿತಾಯ?"

"ಇಲ್ಲ."

"ಚಿನ್ನ, ಷೇರು, ಏನಾದರೂ?"

"ನಥಿಂಗ್" ಅಂದ ಹುಡುಗ, ಹೆಮ್ಮೆಯಿಂದ.

ತಾಯಿಗೆ ತಡೆಯಲಾಗಲಿಲ್ಲ. ನಮ್ಮ ಮನೆಗಳಲ್ಲಿ ಮಗನ ಬಗ್ಗೆ ಹೊರಗಿನವರು ಇಷ್ಟೊಂದು ವಿಚಾರಿಸುವುದು ಒಂದೇ ಸಂದರ್ಭದಲ್ಲಿ, ಹೆಣ್ಣಿನ ಕಡೆಯವರು ಬಂದಾಗ. ಆ ಅಭ್ಯಾಸಬಲ ಅವರ ಅಂಗಡಿ ಇಂಗ್ಲಿಷಿನಲ್ಲೇ ಕೆಲಸ ಮಾಡಿತು. "ಏನೂ ಇಲ್ಲ ಅಂತ ಯಾಕ್ ಹೇಳ್ತೀಯೋ! ದಾವಣಗೆರೇಲಿ ಇವ್ರಜ್ಜಂದು ಸೈಟ್ ಐತೆ ಮೇಡಂ, ಕಾರ್ನರ್ ಸೈಟು! ಇವ್ನ ಹೆಂಡ್ತಿಗೆ ಅಂತ ನಾನು ಸರ ಮಾಡ್ಸಿಟ್ಟೀನಿ. ಓದಿನಾಗೂ ಫಸ್ಟು!"

ಅಧಿಕಾರಿ ಪೆನ್ನು ಕೈಗೆತ್ತಿಕೊಂಡರು. ಸೈಟು ಅಜ್ಜನ ಹೆಸರಿನಲ್ಲಿದೆ, ಅಜ್ಜ ಗಟ್ಟಿಮುಟ್ಟಾಗಿದ್ದಾರೆ, ಸರ ತಾಯಿಯ ಸ್ವಂತದ್ದು ಅಂತ ಬಿಡಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಕೊನೆಗೆ ಆಕೆ ಪೆನ್ನು ಕೆಳಗಿಟ್ಟು, "ಆಸ್ತಿ ಬಚ್ಚಿಡುವ ಮನೆಯವರನ್ನು ತುಂಬ ನೋಡಿದ್ದೇನೆ. ಇಲ್ಲದ್ದನ್ನು ಸೇರಿಸುವವರನ್ನು ಇವತ್ತೇ ನೋಡಿದ್ದು" ಅಂದರು.

೩. ಪೇಪರ್ ಇಲ್ಲದ ಡೈರಿ

ಅರ್ಜಿ ಪಾಸಾಯಿತು. ಹೆಸರು ಪೇಪರಿನಲ್ಲಿ ಬರುವ ದಿನವೂ ಬಂತು. ಹಿಂದಿನ ಪುಟವೊಂದರಲ್ಲಿ, ಭೂತಗನ್ನಡಿ ಹಿಡಿದರೆ ಕಾಣುವಷ್ಟು ಸಣ್ಣ ಅಕ್ಷರ. ಅಂಥದ್ದನ್ನು ಯಾರೂ ಓದುವುದಿಲ್ಲ ಅಂತ ಹುಡುಗನ ತಂದೆಗೆ ಎಷ್ಟೋ ಹೇಳಿದ್ದೆ. ಅವರು ಕೇಳಲಿಲ್ಲ. ಮುಂಜಾನೆ ಅಂಗಡಿಗೆ ಬಂದ ಪೇಪರಿನ ಕಟ್ಟನ್ನು ಬಿಚ್ಚದೆ ಫ್ರೀಜರಿನ ಹಿಂದೆ ತಳ್ಳಿ, "ಇವತ್ತು ಪೇಪರ್ ಬಂದಿಲ್ಲ" ಅಂತ ಬೋರ್ಡು ಹಾಕಿಬಿಟ್ಟರು.

ಸಂಜೆಗೆ ನಮ್ಮವರೆಲ್ಲರ ಮನೆಯಲ್ಲೂ ಸುದ್ದಿ. ನ್ಯೂ ಲಿನ್‌ನ ನಮ್ಮ ಅಂಕಲ್ ಒಬ್ಬರು ಡೈರಿಗೇ ಬಂದು ಸಮಾಧಾನ ಹೇಳಿದರು.

"ನಿಮಗೆ ಹೆಂಗ್ ಗೊತ್ತಾತ್ರೀ?" ತಂದೆ ಕಂಗಾಲಾಗಿ ಕೇಳಿದರು.

"ನಾನು ದಿನಾ ಕ್ರಿಕೆಟ್ ಸ್ಕೋರ್ ಅಷ್ಟೇ ನೋಡೋನು ಭಾಯ್. ನಿಮ್ ಅಂಗ್ಡೀಲಿ ಪೇಪರ್ ಇಲ್ಲ, ಪಕ್ಕದ್ ಪೆಟ್ರೋಲ್ ಬಂಕ್‌ನಲ್ಲಿ ಇದೆ. ಏನೋ ಇರ್ಬೇಕು ಅಂತ ಒಂದ್ ಸಾಲೂ ಬಿಡ್ದೆ ಓದ್ದೆ."

೪. ರೊಟೊಟೂನದ ಸಂಬಂಧ

ಇನ್ನು ಇವನಿಗೆ ಹೆಣ್ಣು ಯಾರು ಕೊಡುತ್ತಾರೆ ಅಂತ ತಾಯಿ ನನ್ನ ಮುಂದೆ ಕಣ್ಣೀರು ಹಾಕಿದರು. ನಾನು ಸುಮ್ಮನೆ ಕೂರುವವಳಲ್ಲ. ಹ್ಯಾಮಿಲ್ಟನ್ನಿನ ರೊಟೊಟೂನದಲ್ಲಿ ಹುಬ್ಬಳ್ಳಿಯ ಒಂದು ಒಳ್ಳೆಯ ಮನೆತನ ನನಗೆ ಗೊತ್ತಿತ್ತು. ತಂದೆ ಎಂಜಿನಿಯರ್, ಮಗಳು ಫಾರ್ಮಸಿಸ್ಟ್. ಹುಡುಗನನ್ನೂ ಅವನ ತಂದೆತಾಯಿಯನ್ನೂ ಕರೆದುಕೊಂಡು ಹೋದೆ.

ಬಿರಿಯಾನಿ ಮುಗಿದ ಮೇಲೆ ಹುಡುಗ ಯಾರೂ ಕೇಳದೆಯೇ ಎಲ್ಲವನ್ನೂ ಒದರಿದ. ದಿವಾಳಿ, ಮೂರು ವರ್ಷ, ಪಾರ್ಸೆಲ್, ಯೂಟ್. ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಹುಡುಗಿಯ ತಂದೆ ಮೀಸೆ ಸವರುತ್ತಾ ಮಗಳ ಕಡೆ ನೋಡಿದರು. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಹೇಳಿದ್ದು ಇಷ್ಟು: "ಡ್ಯಾಡ್, ಇಲ್ಲಿವರೆಗೆ ಬಂದವರೆಲ್ಲ ಮನೆ ಸಾಲ, ಕಾರಿನ ಸಾಲ ಇಟ್ಟುಕೊಂಡೇ ಬಂದಿದ್ದರು. ಸಾಲವೇ ಇಲ್ಲದ ಹುಡುಗ ಇವನೊಬ್ಬನೇ."

೫. ಹಿರಿಯರ ಒಪ್ಪಿಗೆ

ಸಂಬಂಧ ಕುದುರಿತು, ಆದರೆ ಒಂದು ಷರತ್ತು. ಹುಡುಗಿಯ ಅಜ್ಜಿ ಹುಬ್ಬಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದರು. ಅವರ ಕಣ್ಣೆದುರಿಗೇ ನಿಕಾಹ್ ಆಗಬೇಕು. ಹುಡುಗ ದೇಶ ಬಿಡಬೇಕಾದರೆ ಅಧಿಕಾರಿ ಒಪ್ಪಬೇಕು. ಹ್ಯಾಮಿಲ್ಟನ್ನೇ ದಾಟದವನಿಗೆ ಈಗ ಹುಬ್ಬಳ್ಳಿಗೆ ಹೋಗದಿದ್ದರೆ ಮದುವೆಯೇ ಇಲ್ಲ. ಅವನ ಧೈರ್ಯ ಇಳಿದದ್ದನ್ನು ನಾನು ನೋಡಿದ್ದು ಆಗಲೇ. ನನಗೂ ಸಂಕಟವಾಯಿತು.

"ಯಾರ ಒಪ್ಗಿ ಬೇಕಂದ್ರಿ ಆಪಾ?" ನನ್ನನ್ನು ಅಕ್ಕ ಅನ್ನುವಂತೆ ಆಪಾ ಅಂತ ಕರೆಯುತ್ತಿದ್ದ ಹುಡುಗಿಯ ತಂದೆ ಫೋನಿನಲ್ಲಿ ಕೇಳಿದರು. ನಾನು ಅಧಿಕಾರಿಯ ವಿಷಯ ವಿವರಿಸಿ, ಅವರನ್ನು ಕಾಣಲು ಹೋಗುವ ದಿನವನ್ನೂ ತಿಳಿಸಿದೆ. "ತಿಳೀತು ಬಿಡ್ರಿ" ಅಂದರು. ಏನು ತಿಳಿಯಿತು ಅಂತ ನನಗೆ ಆಮೇಲೆ ಗೊತ್ತಾಯಿತು.

ಆ ದಿನ ನಾನೂ ಹುಡುಗನೂ ಅಧಿಕಾರಿಯ ಮುಂದೆ ಕೂತು ಅಜ್ಜಿಯ ಆರೋಗ್ಯ ವಿವರಿಸುತ್ತಿದ್ದೆವು. ಬಾಗಿಲು ತೆರೆಯಿತು. ಹುಡುಗಿಯ ತಂದೆ, ಶೇರ್ವಾನಿ ತೊಟ್ಟು! ಹಿಂದೆ ಟೋಪಿ ಹಾಕಿದ ಇಬ್ಬರು ಹಿರಿಯರು. ಒಬ್ಬರ ಕೈಯಲ್ಲಿ ಹಣ್ಣಿನ ತಟ್ಟೆ, ಇನ್ನೊಬ್ಬರ ಕೈಯಲ್ಲಿ ಊರಿಂದ ತರಿಸಿದ ಧಾರವಾಡ ಪೇಡೆ. ಎಲ್ಲವನ್ನೂ ಅಧಿಕಾರಿಯ ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತರು.

ಅಧಿಕಾರಿ ಕುರ್ಚಿ ಹಿಂದಕ್ಕೆ ಸರಿಸಿದರು. "ಇದು ಲಂಚವೇ?"

ಹುಡುಗ ಬಿಳಿಚಿಕೊಂಡ. ಈ ದೇಶದ ಸರ್ಕಾರಿ ಆಫೀಸಿನಲ್ಲಿ ಅಧಿಕಾರಿಯ ಮೇಜಿನ ಮೇಲೆ ಇಂಥದ್ದು ಇಟ್ಟರೆ ಒಪ್ಪಿಗೆ ಹಾಗಿರಲಿ, ಪೊಲೀಸರೇ ಬರಬಹುದು. ನಾನು ಎದ್ದು ನಿಂತೆ. "ಲಂಚವಲ್ಲ ಮೇಡಂ. ನಮ್ಮಲ್ಲಿ ಸಂಬಂಧ ಕುದುರಿದರೆ ಹುಡುಗನ ಮನೆಯ ಹಿರಿಯರ ಹತ್ತಿರ ಹೀಗೆ ಹೋಗಿ ಒಪ್ಪಿಗೆ ಕೇಳುವುದು ಪದ್ಧತಿ. ಇವರು ಹುಡುಗನನ್ನು ಕೊಡಿ ಅಂತ ನಿಮ್ಮನ್ನು ಕೇಳಲು ಬಂದಿದ್ದಾರೆ."

"ನಾನು ಇವನಿಗೆ ಏನೂ ಆಗಬೇಕಿಲ್ಲವಲ್ಲ!"

ಹುಡುಗಿಯ ತಂದೆ ನನ್ನ ಕಡೆ ತಿರುಗಿ, "ಇವ್ನ ರೊಕ್ಕ ಇವ್ರ ಕೈಯಾಗೈತಿ, ಆಸ್ತಿ ಇವ್ರ ಕೈಯಾಗೈತಿ, ಎಲ್ಲಿಗ್ ಹೋಗ್ಬೇಕಂದ್ರೂ ಇವ್ರನ್ನ ಕೇಳ್ಬೇಕು. ಇದಕ್ಕಿಂತ ದೊಡ್ಡ ಹಿರಿಯಾರು ಯಾರದಾರ ಕೇಳ್ರಿ ಆಪಾ" ಅಂದರು. ನಾನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಹೇಳಿದೆ.

ಅಧಿಕಾರಿ ತುಟಿ ಕಚ್ಚಿ ನಗು ತಡೆದುಕೊಂಡರು. ಪೇಡೆ ಪೆಟ್ಟಿಗೆಯನ್ನೂ ಹಣ್ಣನ್ನೂ ಎರಡು ಬೆರಳಿನಲ್ಲಿ ಮೇಜಿನ ಈಚೆಗೆ ತಳ್ಳಿದರು. ಟಿಕೆಟ್ಟಿನ ಖರ್ಚು ಯಾರದು ಅಂತ ಕೇಳಿದರು. "ನಂದು" ಅಂದರು ಹುಡುಗಿಯ ತಂದೆ. ವಾಪಸು ಯಾವಾಗ ಅಂತ ಕೇಳಿದರು. "ತಿಂಗಳ ಒಳಗೆ" ಅಂದ ಹುಡುಗ. ಆಕೆ ಒಪ್ಪಿಗೆಗೆ ಸಹಿ ಹಾಕಿ, "ಹೋಗಿ ಮದುವೆಯಾಗಿ ಬಾ" ಅಂದರು. ಹುಡುಗ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಹೊರಗೆ ಬಂದ ಮೇಲೆ ಹುಡುಗಿಯ ತಂದೆ ಶೇರ್ವಾನಿಯ ಗುಂಡಿ ಸಡಿಲಿಸಿ, ತುಂಬಿದ ಪೆಟ್ಟಿಗೆಯನ್ನು ಹಿರಿಯರಿಬ್ಬರಿಗೂ ಎತ್ತಿ ತೋರಿಸಿದರು.

"ಗಂಡಿನ ಕಡೆಯವ್ರು ಅಂದ್ರ ಹಿಂಗಿರ್ಬೇಕ್ ನೋಡ್ರಿ. ವರದಕ್ಷಿಣಿ ದೂರ ಉಳೀತು, ಪೇಡೆ ಸೈತ ಮುಟ್ಟಲಿಲ್ಲ!"