ಬದುಕಿದ ಕೋಳಿಗಳ ಅಪರಾಧ

ಯುಗಾದಿಯ ದಿನ, ಹೊಸ ಸಂವತ್ಸರ ಇನ್ನೂ ಕಣ್ಣುಬಿಡುವ ಹೊತ್ತಿಗೇ ಕರೆಂಟು ಹೋಗಿ ಪಿಳ್ಳಪ್ಪನ ಕೋಳಿಶೆಡ್ಡಿನ ಫ್ಯಾನುಗಳು ನಿಂತವು. ಎರಡು ವಾರದ ಧಗೆಗೆ ಮಾಕಳಿದುರ್ಗದ ಬಂಡೆ ಆಗಲೇ ಕಾದ ಹಂಚಾಗಿತ್ತು. ಶೀಟಿನ ಕೆಳಗೆ ಬ್ರಾಯ್ಲರ್ ಕೋಳಿಗಳು ಕೊಕ್ಕು ತೆರೆದು, ರೆಕ್ಕೆ ಅಗಲಿಸಿ, ಮೊನ್ನೆಯಷ್ಟೇ ಉಪನಯನವಾದ ವಟುಗಳು ಪ್ರಾಣಾಯಾಮಕ್ಕೆ ಕುಳಿತಂತೆ ಏದುಸಿರು ಬಿಡುತ್ತಿದ್ದವು. ಮೇವಿನ ತಟ್ಟೆಯ ಕಡೆ ಒಂದೂ ತಿರುಗಿ ನೋಡಲಿಲ್ಲ.

ಮರಿ, ಮೇವು, ಔಷಧಿ ಕಂಪನಿಯವು. ಶೆಡ್ಡು, ನೀರು, ಬೆವರು ಪಿಳ್ಳಪ್ಪನವು; ಕೂಲಿ ಬೆಳೆದ ಕೋಳಿಯ ತೂಕದ ಮೇಲೆ. ಮರುದಿನ ಹೊಸತೊಡಕು, ಸೀಮೆಯೆಲ್ಲ ಬಾಡೂಟಕ್ಕೆ ಕೂರುವ ದಿನ. ಅದಕ್ಕಾಗಿ ಸಂಜೆಗೆ ಲಾರಿ ಬರುವುದಿತ್ತು. ಹಿಂದಿನ ಸಲ ರೋಗ ಬಡಿದು ಅರ್ಧ ಶೆಡ್ಡು ಬರಿದಾದಾಗ ಕಂಪನಿಯ ಸೂಪರ್‌ವೈಸರ್ ಶ್ರೀಧರ್, "ಇದೊಂದು ಬ್ಯಾಚು ನೆಟ್ಟಗೆ ಬರ್ಲಿಲ್ಲ ಅಂದ್ರೆ ನಿಮ್ ಶೆಡ್ಡಿಗೆ ಇನ್ಮೇಲೆ ಮರಿ ಬಿಡಲ್ಲ ಪಿಳ್ಳಪ್ಪೋರೇ" ಎಂದು ಹೇಳಿ ಹೋಗಿದ್ದ.

"ಗೋಣಿಚೀಲ ನೆನ್ಸಿ ಸುತ್ತ ಕಟ್ಟನ, ಬರೋ ಗಾಳಿ ತಣ್ಣಗಾಯ್ತದೆ" ಎಂದಳು ಹೆಂಡತಿ ಗಂಗಲಕ್ಷ್ಮಮ್ಮ.

ಮಾತೇನೋ ಸರಿ. ಆದರೆ ಈಗ ಮೇವು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ; ಊರನ್ನೆಲ್ಲ ಶೋಧಿಸಿದರೂ ಒಂದು ಗೋಣಿ ದೊರೆಯಲಿಲ್ಲ. ದೊರೆತದ್ದು ಹಬ್ಬದ ಎಣ್ಣೆಸ್ನಾನ ಮುಗಿದ ಮೇಲೆ ಬೀದಿಯುದ್ದಕ್ಕೂ ಒಣಹಾಕಿದ್ದ ಬಟ್ಟೆ. ತನ್ನ ಪಂಚೆಯಿಂದ ಆರಂಭಿಸಿದ ಪಿಳ್ಳಪ್ಪ, ಧರ್ಮಸೂಕ್ಷ್ಮವನ್ನು ವಿಚಾರಿಸುವಷ್ಟು ವ್ಯವಧಾನವಿಲ್ಲದೆ, ಪರರ ಸೀರೆಗಳವರೆಗೂ ಬಂದ. ಶೆಡ್ಡು ಸ್ವಯಂವರ ಮಂಟಪದಂತೆ ಕಂಗೊಳಿಸಿತು.

ಮೊದಲು ಬಂದವಳು ಪಕ್ಕದ ಮನೆಯ ಮುದುಕಿ ಮುನಿವೆಂಕಟಮ್ಮ.

"ಏನ್ಲಾ ಪಿಳ್ಳ, ನನ್ ಸೀರೆ ಕೋಳಿಗುಡ್ಸೀಯಾ?"

"ಸಾಯಂಕಾಲದ ಗಂಟ ಬುಡಕ್ಕ. ಜೀವ ಬಾಯಿಗ್ ಬಂದೈತೆ."

"ಯಾರ್ದು, ನಿಂದಾ ಕೋಳೀದಾ?"

"ಇಬ್ರುದೂ."

ಮುದುಕಿ ಒಳಗೆ ಇಣುಕಿದಳು. ಕೋಪವು ಕರಗಿ ಕರುಣೆಯಾಯಿತು. ಕೋಪಕ್ಕಿಂತ ಕರುಣೆ ಹೆಚ್ಚು ಅನರ್ಥಕಾರಿಯೆಂಬುದು ಪಿಳ್ಳಪ್ಪನಿಗೆ ಆಗ ತಿಳಿಯಲಿಲ್ಲ. "ಪಾಪ, ವರ್ಸದ ಹಬ್ಬ. ಬಾಯಿಲ್ಲದ ಜೀವಕ್ಕೂ ವಸಿ ಬೇವು-ಬೆಲ್ಲ ಆಗ್ಲಿ, ಮೈ ತಂಪಾಯ್ತದೆ" ಎಂದವಳೇ, ಅವನು ಬೇಡವೆನ್ನುವಷ್ಟರಲ್ಲಿ, ಮನೆಯಿಂದ ಒಂದು ಬೋಸಿ ಅರೆದ ಬೇವು ತಂದು ನೀರಿನ ಟ್ಯಾಂಕಿಗೆ ಸುರಿದಳು.

ಕೋಳಿಗಳು ಕೊಕ್ಕು ಅದ್ದಿದವು, ತಲೆ ಕೊಡವಿದವು, ದೂರ ಸರಿದವು. ಸುಖದುಃಖಗಳನ್ನು ಸಮನಾಗಿ ಸ್ವೀಕರಿಸುವ ಸ್ಥಿತಪ್ರಜ್ಞತೆ ಬ್ರಾಯ್ಲರ್ ಜಾತಿಗಿಲ್ಲ. ಟ್ಯಾಂಕು ಬರಿದು ಮಾಡಬೇಕಾಯಿತು. ಪಂಪು ನಡೆಯದು. ಗಂಡಹೆಂಡಿರು ಊರಾಚೆಯ ತೊಟ್ಟಿಯಿಂದ ಬಿಂದಿಗೆಗಳಲ್ಲಿ ನೀರು ಹೊತ್ತರು. ಹಬ್ಬದ ಹೋಳಿಗೆ ಒಲೆಯ ಪಕ್ಕದಲ್ಲೇ ಒಣಗಿತು.

ಎದುರು ಶೆಡ್ಡಿನ ಬೈರೇಶನೂ ಅದೇ ಕಂಪನಿಯ ಕೋಳಿ ಸಾಕುವವನು. ಅವನು ಉಂಡು ಹೊಂಗೆಯ ನೆರಳಲ್ಲಿ ಮಂಚದ ಮೇಲೆ ಶೇಷಶಾಯಿಯಾಗಿದ್ದ.

"ಯಾಕಣ್ಣ ಹಂಗೆ ಎಗರಾಡ್ತೀಯಾ? ಸಾಯೋವು ಸಾಯ್ತವೆ."

"ನಿನ್ ಶೆಡ್ಡಿಗೊಂದ್ಸಲ ಹೋಗಿ ನೋಡ್ಬಾರ್ದೇನ್ಲಾ?"

"ನೋಡಿದ್ರೆ ಬದುಕ್ತವಾ?" ಎಂದು ಬೈರೇಶ್ ಮಗ್ಗುಲು ಬದಲಿಸಿದ.

ಹೊತ್ತು ಇಳಿಯುವವರೆಗೆ ಪಿಳ್ಳಪ್ಪ ಸೀರೆ ನೆನೆಸಿದ, ಮೊರದಿಂದ ಗಾಳಿ ಬೀಸಿದ, ಗುಂಪುಗೂಡಿ ಉಸಿರುಗಟ್ಟುತ್ತಿದ್ದ ಕೋಳಿಗಳನ್ನು ಚದುರಿಸಿದ. ಲಾರಿ ಬಂದಾಗ ಅವನು ಮೊರ ಹಿಡಿದೇ ಹೊರಬಂದ. ಸತ್ತ ಕೋಳಿಗಳು ಒಂದು ಬುಟ್ಟಿಯನ್ನೂ ತುಂಬಿರಲಿಲ್ಲ. ಬೈರೇಶನ ಶೆಡ್ಡಿನಲ್ಲಿ ಮಾತ್ರ ಕುರುಕ್ಷೇತ್ರದ ಕೊನೆಯ ದಿನದ ಮೌನ.

ಲಾರಿಯ ಜೊತೆ ಬಂದ ಶ್ರೀಧರ್ ಮೊದಲು ಅಲ್ಲಿಗೇ ಹೋದ. ಬೈರೇಶನ ಬೆನ್ನು ಸವರಿದ. "ಬಿಸಿಲಿಗೆ ಸತ್ರೆ ಅದು ದೇವರ ಕೆಲ್ಸ. ನಿಂದೇನೂ ತಪ್ಪಿಲ್ಲಪ್ಪ. ಈ ಸಾವನ್ನ ಸಾಕ್ದೋರ ತಲೆಗೆ ಕಟ್ಟಬೇಡಿ ಅಂತ ಬೆಳಗ್ಗೆನೇ ಆಫೀಸಿಂದ ಹೇಳಿದಾರೆ. ಶೆಡ್ಡು ತೊಳ್ಕೋ, ಹೊಸ ಮರಿ ಬಿಡ್ತೀವಿ."

ಪಿಳ್ಳಪ್ಪನ ಎದೆ ಉಬ್ಬಿತು. ಸಾಯಬಿಟ್ಟವನಿಗೇ ಇಷ್ಟು ಮನ್ನಣೆಯಾದರೆ ಉಳಿಸಿದವನಿಗೆ ಎಷ್ಟಿರಬೇಡ!

ಅವನ ಕೋಳಿಗಳು ತಕ್ಕಡಿ ಏರಿದವು. ಎರಡು ವಾರದ ಧಗೆಯಲ್ಲಿ ಅವು ಮೇವು ಬಿಟ್ಟು ನೀರನ್ನೇ ನೆಚ್ಚಿದ್ದವು. ತಿಂದ ಅಷ್ಟಿಷ್ಟೂ ಮಾಂಸವಾಗದೆ ಏದುಸಿರಾಗಿ ಹೋಗಿತ್ತು. ಶ್ರೀಧರನ ಮುಖ ಗಂಟಾಯಿತು.

"ಏನ್ರೀ ಇದು, ಪಾರಿವಾಳ ಸಾಕಿದೀರಾ?"

"ಬಿಸಿಲಿಗೆ ತಿನ್ನಲಿಲ್ಲ ಸಾರ್."

"ಬಿಸಿಲಿದ್ದಿದ್ರೆ ಸಾಯ್ಬೇಕಿತ್ತಲ್ಲ? ಎದುರುಗಡೆ ಸತ್ತಿಲ್ವಾ? ನಿಮ್ವು ಬದುಕಿವೆ ಅಂದ್ಮೇಲೆ ನಿಮ್ ಶೆಡ್ಡಲ್ಲಿ ಬಿಸಿಲಿರ್ಲಿಲ್ಲ. ಬಿಸಿಲಿಲ್ದೇ ಇದ್ರೂ ತೂಕ ಬಂದಿಲ್ಲ ಅಂದ್ರೆ ಸಾಕಾಣಿಕೆನೇ ಸರಿಯಿಲ್ಲ."

ನ್ಯಾಯಶಾಸ್ತ್ರವನ್ನು ಅರೆದು ಕುಡಿದವರೂ ಈ ಅನುಮಾನಪ್ರಮಾಣದ ಮುಂದೆ ಕೈಮುಗಿಯಬೇಕು. ಬೈರೇಶನ ಸಾವುಗಳೆಲ್ಲ ದೈವದ ಪಾಲಾದವು. ಪಿಳ್ಳಪ್ಪನ ಪಾಲಿಗೆ ಪುರುಷಪ್ರಯತ್ನದ ದೋಷವೊಂದೇ ಉಳಿಯಿತು. ಬಡಕಲು ಕೋಳಿಗಳನ್ನು ತುಂಬಿಕೊಂಡು ಲಾರಿ ಹೊರಟಿತು. ಇನ್ನು ಮರಿ ಇಲ್ಲವೆಂಬುದನ್ನು ಶ್ರೀಧರ್ ಬಾಯಿಬಿಟ್ಟು ಹೇಳಲೂ ಇಲ್ಲ.

ಬರಿದಾದ ಶೆಡ್ಡಿನ ಬಾಗಿಲಲ್ಲಿ ಕುಳಿತವನ ಬಳಿಗೆ ಬೈರೇಶ್ ಬಂದ. ಧ್ವನಿಯಲ್ಲಿ ನಿಜವಾದ ಮರುಕವಿತ್ತು.

"ಅಣ್ಣ, ನಿಂಗೆ ಬರ್ಬೇಕಿದ್ದ ಮರೀನೂ ನಂಗೇ ಬಿಡ್ತಾರಂತೆ. ನನ್ ಶೆಡ್ಡು ಸಾಲಲ್ಲ. ನಿಂದು ಬಾಡಿಗೆಗೆ ಕೊಡು. ನೋಡ್ಕೊಳ್ಳೋಕೂ ನೀನೇ ಇರು, ಸಂಬಳ ಕೊಡ್ತೀನಿ."

ಪಿಳ್ಳಪ್ಪ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡಿದಳು. ಅವನು ಆಗಲಿ ಎಂಬಂತೆ ನಿಧಾನವಾಗಿ ತಲೆಯಾಡಿಸಿದ.

"ಒಂದೇ ಒಂದು ಕಂಡೀಷನ್ ಕಣಣ್ಣ," ಎಂದ ಬೈರೇಶ್. "ಬಿಸಿಲು ಜಾಸ್ತಿ ಆದ್ರೆ ಮಾತ್ರ ನೀನು ಶೆಡ್ಡೊಳಕ್ಕೆ ಕಾಲಿಡ್ಬಾರ್ದು."