ಖಡಕ್ ರೊಟ್ಟಿಗೆ ಯಾವ ದೇಶ ಸಲೀಸು?

ಅಕ್ಕಲಕೋಟದ ಎಸ್ಟಿ ಬಸ್ ಸ್ಟ್ಯಾಂಡಿನಲ್ಲಿ, ಚಹಾದಂಗಡಿಗೂ ನೀರಿನ ನಲ್ಲಿಗೂ ನಡುವೆ ಇರುವ ಕಂಬದ ಪಕ್ಕ, ಬಸ್ಸುಗಳು ಬರುವ ಕಡೆಗೆ ಮುಖ ಮಾಡಿ ನಾನು ನಿಂತಿದ್ದೆ. ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಸೊಲ್ಲಾಪುರದ ಒಂದು ಟವೆಲ್ ಕಾರ್ಖಾನೆಯಲ್ಲಿ ಪರದೇಶಕ್ಕೆ ಮಾಲು ಕಳಿಸುವ ಗುಮಾಸ್ತನಾಗಿ ನನ್ನ ಆಯುಷ್ಯ ಸವೆದಿದೆ. ಕಂಟೇನರಿನ ಬಾಗಿಲು ಯಾರೆದುರು ಮುಚ್ಚಿತು, ಸೀಲು ಎಷ್ಟು ಹೊತ್ತಿಗೆ ಬಿತ್ತು ಎಂದು ಬರೆದಿಡದಿದ್ದರೆ ನನಗೆ ಊಟ ಸೇರುವುದಿಲ್ಲ. ಮನೆಯಲ್ಲಿ ಹಾಲು ಉಕ್ಕಿದರೂ ನಾನು ಗ್ಯಾಸ್ ಆರಿಸುವ ಮೊದಲು ಗಡಿಯಾರ ನೋಡುತ್ತೇನೆ ಎಂಬುದು ಹೆಂಡತಿಯ ದೂರು. ಅದು ನಿಜ. ಆದ್ದರಿಂದ ಆ ದಿನ ನಡೆದದ್ದನ್ನು ಅಳತೆ ತಪ್ಪದೆ ಹೇಳುವ ಹೊಣೆ ನನ್ನ ಮೇಲಿದೆ.

ಕಂದಲಗಾಂವದ ಗಂಗವ್ವ ಹತ್ತು ಮಂದಿ ಹೆಂಗಸರನ್ನು ಕಟ್ಟಿಕೊಂಡು ಜೋಳದ ಖಡಕ್ ರೊಟ್ಟಿ ಬಡಿದು ಮಾರುತ್ತಾಳೆ. ಅವಳಿಗೆ ಎರಡು ಕಡೆಯಿಂದ ಬೇಡಿಕೆ ಬಂತು. ಒಂದು ಶ್ರೀಲಂಕಾದ ಕೊಲಂಬೊದ ಅಂಗಡಿ, ಇನ್ನೊಂದು ಮಾಲ್ಡೀವ್ಸಿನ ಮಾಲೆಯ ಒಂದು ಖಾನಾವಳಿ. ಹತ್ತು ಜೋಡಿ ಕೈಗಳಿಂದ ಒಬ್ಬರಿಗೆ ಮಾತ್ರ ಪೂರೈಸಲು ಸಾಧ್ಯ. ಇಬ್ಬರದೂ ಒಂದೇ ಕರಾರು: ಮೊದಲ ಸಲದ ರೊಟ್ಟಿ ಒಡೆದು ಬಂದರೆ ಎರಡನೆಯ ಸಲ ಇಲ್ಲ. ಗಂಗವ್ವ ನಮ್ಮ ಮನೆಗೆ ಬಂದು ಕೇಳಿದಳು. "ಕಾಕಾ, ಹಡಗದಾಗಿಂದೆಲ್ಲಾ ನಿಮಗ ಗೊತ್ತದ. ಯಾ ದೇಶಕ್ಕ ಕಳಸಲಿ ಹೇಳ್ರಿ."

ಒಂದು ಮಾತಿನಲ್ಲಿ ಹೇಳಬಹುದಿತ್ತು. ನಾನು ಮೂರು ಪುಟದ ಕೋಷ್ಟಕ ಮಾಡಿದೆ. ಯಾವ ದೇಶ ಲೋಕದ ಹಡಗುಗಳೊಂದಿಗೆ ಎಷ್ಟು ಗಟ್ಟಿಯಾಗಿ ಬೆಸೆದುಕೊಂಡಿದೆ ಎಂದು ಅಳೆಯಲು ದೊಡ್ಡವರು ಒಂದು ಸೂಚ್ಯಂಕ ಮಾಡಿದ್ದಾರೆ. ವಾರಕ್ಕೆ ಎಷ್ಟು ಹಡಗು ಬರುತ್ತವೆ, ಎಷ್ಟು ಕಂಪನಿಗಳವು, ಅತಿ ದೊಡ್ಡದು ಎಷ್ಟು ದೊಡ್ಡದು, ನಡುವೆ ಹಡಗು ಬದಲಿಸದೆ ಎಷ್ಟು ದೇಶಗಳಿಗೆ ಹೋಗಬಹುದು, ಹೀಗೆ. ಶ್ರೀಲಂಕಾ ಇದರಲ್ಲಿ ಬಹಳ ಮೇಲೆ, ಮಾಲ್ಡೀವ್ಸ್ ಬಹಳ ಕೆಳಗೆ. ನಮ್ಮ ಟವೆಲ್ಲುಗಳೂ ಮಾಲೆಗೆ ಹೋಗುವಾಗ ಕೊಲಂಬೊದಲ್ಲಿ ಇಳಿದು ಇನ್ನೊಂದು ಹಡಗು ಹತ್ತುತ್ತಿದ್ದವು. ಇದನ್ನೆಲ್ಲ ನಾನು ಮುಕ್ಕಾಲು ಗಂಟೆ ಓದಿ ಹೇಳಿದೆ.

"ಅಂದ್ರ ಮಂಗಳವೇಢೆದಿಂದ ಅಕ್ಕಲಕೋಟಕ್ಕ ಹೋದಂಗ," ಎಂದಳು ಗಂಗವ್ವ. "ಸೊಲ್ಲಾಪುರದಾಗ ಇಳದು ಬಸ್ ಬದ್ಲಿ ಮಾಡಬೇಕು."

"ಅಷ್ಟೇ."

"ಹಂಗಿದ್ರ ಬಸ್ಸಿನಾಗ ಹಾಕಿ ನೋಡೂಣ್ರಿ."

ನಾನು ನಕ್ಕೆ. ಅವಳು ನಗಲಿಲ್ಲ. ಒಂದೇ ಅಳತೆಯ ಎರಡು ರಟ್ಟಿನ ಪೆಟ್ಟಿಗೆ, ಒಂದೊಂದರಲ್ಲೂ ಇಪ್ಪತ್ತೈದು ರೊಟ್ಟಿ. ಒಂದು ಸೊಲ್ಲಾಪುರದಿಂದ ನೇರ ಅಕ್ಕಲಕೋಟಕ್ಕೆ, ಅದು ಕೊಲಂಬೊ. ಇನ್ನೊಂದು ಮಂಗಳವೇಢೆಯಿಂದ ಹೊರಟು ಸೊಲ್ಲಾಪುರದಲ್ಲಿ ಬಸ್ಸು ಬದಲಿಸಿ ಬರಬೇಕು, ಅದು ಮಾಲೆ. ಮಾಲೆಯ ಜೊತೆ ಗಂಗವ್ವ ಬರುತ್ತಾಳೆ, ಆದರೆ ಮುಟ್ಟುವುದಿಲ್ಲ. ಹಮಾಲನೇ ಇಳಿಸಿ ಏರಿಸಬೇಕು. ಅಕ್ಕಲಕೋಟದಲ್ಲಿ ಕಾಯಲು ನಾನು, ಮತ್ತು ಅಲ್ಲೇ ಇರುವ ಅವಳ ನಾದಿನಿ ಶಾರದಾ.

ಹತ್ತೂ ಇಪ್ಪತ್ತಕ್ಕೆ ಕೊಲಂಬೊ ಬಂತು. ಕಂಡಕ್ಟರ್ ಪೆಟ್ಟಿಗೆಯನ್ನು ಮೆಲ್ಲಗೆ ಇಳಿಸಿದ. ಅವನ ಮೇಲೆ ನನ್ನ ದೂರಿಲ್ಲ. ಕಂಬದ ನೆರಳಿನಲ್ಲಿ ಅದನ್ನಿಟ್ಟು, ಮಾಲೆಯ ದಾರಿ ಕಾಯುತ್ತ ಕೋಷ್ಟಕ ತೆಗೆದೆ. ನೇರ ಸಂಪರ್ಕದ ಲಾಭಗಳು ಎಂಬ ಎರಡನೆಯ ಪುಟವನ್ನು ತಿದ್ದುವುದಿತ್ತು. ಹತ್ತೂ ಇಪ್ಪತ್ತೈದಕ್ಕೆ ನಾನು ಕೂತೆ. ಹನ್ನೊಂದೂ ಹತ್ತಕ್ಕೆ ಎದ್ದೆ. ನಡುವೆ ಕೆಳಗಿನಿಂದ ಒಂದೆರಡು ಸಲ ಟಪ್ ಎಂದಿತು. ಪಕ್ಕದಲ್ಲಿ ಯಾರೋ ಶೇಂಗಾ ಸುಲಿಯುತ್ತಿದ್ದಾರೆಂದು ತಿಳಿದೆ. ಶಾರದಾ ಒಮ್ಮೆ "ಕಾಕಾ..." ಎಂದಳು. ನಾನು ಓದುತ್ತ ಕೈ ಎತ್ತಿದೆ. ಹಿರಿಯರನ್ನು ಏಳಿ ಎನ್ನುವುದು ಹೇಗೆಂದು ಅವಳು ಸೆರಗು ಸರಿಮಾಡಿಕೊಂಡು ಬಸ್ಸು ಬರುವ ಕಡೆ ತಿರುಗಿದಳು.

ಮಾಲೆ ಬಂತು. "ಹಮಾಲ ದಪ್ಪಂತ ಇಳಿಸಿದ, ದಪ್ಪಂತ ಏರಿಸಿದ," ಎನ್ನುತ್ತ ಗಂಗವ್ವ ಇಳಿದಳು. ಎರಡನ್ನೂ ಬಿಚ್ಚಿದೆವು. ಮಾಲೆಯಲ್ಲಿ ಒಡೆದದ್ದು ಮೂರು. ಕೊಲಂಬೊದಲ್ಲಿ ಇಡಿಯಾಗಿ ಉಳಿದದ್ದು ಎರಡು. ಗಂಗವ್ವ ಪೆಟ್ಟಿಗೆಯ ಮುಚ್ಚಳ ನೋಡಿದಳು. ಅದರ ನಡುವೆ ಒಂದು ತಗ್ಗು ಬಿದ್ದಿತ್ತು. ಆಮೇಲೆ ನನ್ನನ್ನು ನೋಡಿದಳು. "ನೇರ ಹೋಗೂದ್ರಾಗ ಏನೂ ಇಲ್ಲ ಬಿಡ್ರಿ. ಮಾಲೆಗೇ ಕಳಸ್ತೀನಿ," ಎಂದಳು. ನಾನು ಬಾಯಿ ತೆರೆದೆ. ಹೊರಬಂದ ಮಾತು "ವಿಚಾರ ಮಾಡೋಣ" ಎಂಬುದು.

ಆ ದಿನ ಊಟ ಸೇರಲಿಲ್ಲ. ಹತ್ತು ಹೆಂಗಸರ ಕೆಲಸ ನನ್ನ ಭಾರದ ಮೇಲೆ ತೀರ್ಮಾನವಾಗಿತ್ತು. ಮರುದಿನ ಕಂದಲಗಾಂವಕ್ಕೆ ಹೋದೆ. ಗಂಗವ್ವ ಅಂಗಳದಲ್ಲಿ ತಗಡಿನ ಡಬ್ಬಿಗಳನ್ನು ಒರೆಸುತ್ತ ಕೂತಿದ್ದಳು.

"ಗಂಗವ್ವಾ, ಆ ಪೆಟ್ಟಿಗೆಯ ಮೇಲೆ ನಾನು ಕೂತಿದ್ದೆ."

"ಗೊತ್ತದ. ಮುಚ್ಚಳದ ತಗ್ಗು ನೋಡಿದಾಗೇ ತಿಳೀತು. ಶಾರದಾನೂ ನಿನ್ನೇನೇ ಹೇಳ್ಯಾಳ."

"ಮತ್ತೆ ಮಾಲೆಗೆ ಅಂದೆಯಲ್ಲ?"

"ನೀವು ಎಷ್ಟು ದಿನಕ್ಕ ಹೇಳ್ತೀರಿ ನೋಡಬೇಕಿತ್ತು. ಒಂದ ದಿನದಾಗ ಬಂದ್ರಿ, ಚಲೋ ಆತು." ಡಬ್ಬಿಯೊಂದನ್ನು ಬಿಸಿಲಿಗಿಟ್ಟಳು. "ಕೊಲಂಬೊಕ್ಕೇ ಕಳಸ್ತೀನ್ರಿ. ಆದ್ರ ತಗಡಿನ ಡಬ್ಬ್ಯಾಗ. ಅಲ್ಲಿ ಬಂದರದಾಗೂ ನಿಮ್ಮಂಥ ಶಾಣ್ಯಾರು ಒಬ್ರು ಇರ್ತಾರಲ್ಲ, ಓದಕೋತ ಕುಂದರಾಕ."

ಡಬ್ಬಿಗಳು ನಮ್ಮ ಟವೆಲ್ಲುಗಳ ಜೊತೆಗೇ ಹೋದವು. ಕೊಲಂಬೊದವರು ಎರಡನೆಯ ಸಲಕ್ಕೂ ಬರೆದಿದ್ದಾರೆ. ಡಬ್ಬಿಗೆ ಅಂಟಿಸಲು "ಇದರ ಮೇಲೆ ಕೂರಬೇಡಿ" ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟವನು ನಾನೇ. ಈ ವಿಷಯದಲ್ಲಿ ಅನುಭವವಿದ್ದವರು ಬೇರೆ ಯಾರೂ ಸಿಗಲಿಲ್ಲವಂತೆ.

ನಾನು ಕೂತದ್ದನ್ನು ಕಣ್ಣಾರೆ ಕಂಡವರು ಇಬ್ಬರು. ಒಬ್ಬಳು ಶಾರದಾ. ಇನ್ನೊಬ್ಬ ಚಹಾದಂಗಡಿಯ ಈರಣ್ಣ. ಇಬ್ಬರೂ ಬದುಕಿದ್ದಾರೆ, ಇಬ್ಬರ ನೆನಪೂ ಚುರುಕಾಗಿದೆ. ಈಗಲೂ ಅಕ್ಕಲಕೋಟದಲ್ಲಿ ನಾನು ಬಸ್ಸಿಳಿದರೆ, ಕೇಳುವ ಮೊದಲೇ ಈರಣ್ಣ ಕುರ್ಚಿ ತಂದು ಹಾಕುತ್ತಾನೆ.